ಪಡಿಯಚ್ಚು ಮತ್ತು ಆಟಗಾರ್ತಿ: ಕರ್ನಾಟಕ, ಗೋವಾ ನೆಲದಲ್ಲಿ ಮಹಿಳಾ ಕ್ರೀಡೆ

ಹೆಣ್ಣು ಯಾವ ಆಟ ಆಡಬೇಕು, ಯಾವ ಬಟ್ಟೆಯಲ್ಲಿ ಆಡಬೇಕು, ಯಾವ ವಯಸ್ಸಿನವರೆಗೆ ಆಡಬೇಕು ಎಂದು ಸಮಾಜ ಮೊದಲೇ ಕಡೆದಿಟ್ಟಿರುವ ಕಲ್ಪನೆಗೆ ಲಿಂಗದ ಪಡಿಯಚ್ಚು ಎನ್ನಬಹುದು. ಕ್ರೀಡೆಯಲ್ಲಿ ಈ ಅಚ್ಚಿಗೆ ಎರಡು ಮುಖಗಳಿವೆ. ಒಂದು ತಡೆಯುತ್ತದೆ: ಮೈಗೆ ಒಗ್ಗದು, ಮಾನಕ್ಕೆ ಸಲ್ಲದು, ಮದುವೆಗೆ ತೊಡಕು ಎನ್ನುತ್ತದೆ. ಇನ್ನೊಂದು, ಹುಡುಗಿ ತಡೆ ದಾಟಿ ಗೆದ್ದ ಮೇಲೆ ಕಾಣಿಸಿಕೊಳ್ಳುತ್ತದೆ: ಗೆದ್ದವಳನ್ನು ಚೆಲುವೆ, ಮಹಾತಾಯಿ, ತ್ಯಾಗಮಯಿ, ಊರ ಮಗಳು ಎಂಬ ಸಿದ್ಧ ಗೂಡುಗಳಲ್ಲಿ ಕೂರಿಸುತ್ತದೆ. ಮೊದಲನೆಯದು ಬೈಗುಳದ ರೂಪದಲ್ಲಿ ಬರುವುದರಿಂದ ಗುರುತಿಸುವುದು ಸುಲಭ. ಎರಡನೆಯದು ಹೊಗಳಿಕೆಯ ರೂಪದಲ್ಲಿ ಬರುವುದರಿಂದ ಆಟಗಾರ್ತಿಗೂ ಕೆಲವೊಮ್ಮೆ ತಡವಾಗಿ ತಿಳಿಯುತ್ತದೆ. ಎರಡರ ನಡುವೆ ಒಬ್ಬ ಹೆಣ್ಣುಮಗಳು ತನ್ನದೇ ಆದ ಎಸೆತ, ಓಟ, ಸಿಟ್ಟು, ಮೌನ, ಆಸೆಗಳಿರುವ ಒಬ್ಬಳೇ ಒಬ್ಬಳಾಗಿ ಉಳಿದುಕೊಂಡ ಬಗೆಯನ್ನು ಕರ್ನಾಟಕ ಮತ್ತು ಗೋವಾದ ನಿದರ್ಶನಗಳ ಮೂಲಕ ಇಲ್ಲಿ ನೋಡಲಾಗಿದೆ.

ನೆಲ

ಸಡಾ ಎಂದರೆ ಕೊಂಕಣಿ, ಮರಾಠಿ ಮಾತಿನಲ್ಲಿ ಮುರಕಲ್ಲಿನ ಬಯಲು ದಿಬ್ಬ; ತುಳುನಾಡಿನವರು ಪದವು ಎನ್ನುವಂಥದ್ದು. ಗೋವಾದ ಮುರಗಾಂವ್ ಬಂದರಿನ ನೆತ್ತಿಯ ಮೇಲಿರುವ ದಿಬ್ಬಕ್ಕೆ ಆ ಸಾಮಾನ್ಯ ಪದವೇ ಊರ ಹೆಸರಾಗಿದೆ. 1880ರ ದಶಕದಲ್ಲಿ ಮುರಗಾಂವಿನಿಂದ ಕ್ಯಾಸಲ್ ರಾಕ್‌ವರೆಗೆ ಹಾಕಿದ ರೈಲು ಹಳಿ ಘಟ್ಟದ ಮೇಲಿನ ಹುಬ್ಬಳ್ಳಿ ಸೀಮೆಯನ್ನು ಈ ಬಂದರಿಗೆ ಜೋಡಿಸಿತು. 1961ರಲ್ಲಿ ಗೋವಾ ಬಿಡುಗಡೆಯಾದ ಮೇಲೆ ಬಂದರು, ಅದಿರು ಸಾಗಣೆ, ಕಟ್ಟಡದ ಕೆಲಸ ಹುಡುಕಿಕೊಂಡು ವಿಜಯಪುರ, ಬಾಗಲಕೋಟೆ, ಗದಗ, ಹಾವೇರಿ, ಕೊಪ್ಪಳದ ಕಡೆಯ ಕುಟುಂಬಗಳು ವಾಸ್ಕೊ, ಬೈನಾ, ಸಡಾ, ಜುವಾರಿನಗರಗಳಿಗೆ ಬಂದು ನೆಲೆಸಿದವು. ಹೀಗಾಗಿ ಇಲ್ಲಿ ಬೆಳೆಯುವ ಕನ್ನಡದ ಹುಡುಗಿಗೆ ಎರಡು ಕ್ರೀಡಾ ಪರಂಪರೆಗಳು ಒಟ್ಟಿಗೆ ಸಿಗುತ್ತವೆ: ಅಪ್ಪ-ಅವ್ವನ ಊರಿನ ಕಬಡ್ಡಿ, ಖೋ ಖೋ, ಸೈಕಲ್ಲು, ಕುಸ್ತಿ ಒಂದು ಕಡೆ, ಗೋವಾದ ಫುಟ್‌ಬಾಲ್ ಇನ್ನೊಂದು ಕಡೆ. ಎರಡು ಬಗೆಯ ಪಡಿಯಚ್ಚುಗಳೂ ಅವುಗಳೊಂದಿಗೇ ಬರುತ್ತವೆ.

ಮಾತಿನೊಳಗಿನ ಅಚ್ಚು

ಮರ ಹತ್ತುವ, ಜೋರಾಗಿ ಕೂಗುವ, ಹುಡುಗರನ್ನು ಹಿಂದೆ ಹಾಕಿ ಓಡುವ ಹುಡುಗಿಗೆ ಕನ್ನಡದಲ್ಲಿ ಗಂಡುಬೀರಿ ಎಂಬ ಪದವಿದೆ. ಓಡುವ ಹುಡುಗನಿಗೆ ಇಂಥ ಬೇರೆ ಪದ ಬೇಕಾಗಿಲ್ಲ; ಅವನು ಹುಡುಗ, ಅಷ್ಟೆ. ಓಟವೆಂಬ ಕ್ರಿಯೆಯೇ ಗಂಡಿನ ಸೊತ್ತು ಎಂಬ ತೀರ್ಮಾನ ಈ ಪದದೊಳಗೆ ಅಡಗಿದೆ. ಹುಡುಗಿ ಓಡಿದರೆ ಅವಳು ತನ್ನದಲ್ಲದ ವಸ್ತುವನ್ನು ಎರವಲು ಪಡೆದಳು ಎಂದಾಯಿತು. ಇದಕ್ಕೆ ಎದುರಾಗಿ ಅಳುವ ಹುಡುಗನಿಗೆ ಸಿಗುವ ಹೆಣ್ಣಿಗ ಎಂಬ ಬೈಗುಳವೂ ಅದೇ ಅಚ್ಚಿನಿಂದ ಬಂದದ್ದು.

ಹಳೆಯ ಆಟಗಳ ವಿಂಗಡಣೆಯಲ್ಲಿ ಇದು ಇನ್ನೂ ಸ್ಪಷ್ಟ. ಅಳಗುಳಿಮಣೆ, ಚೌಕಾಬಾರ, ಕಲ್ಲಾಟಗಳು ಜಗಲಿಯಲ್ಲಿ, ನಡುಮನೆಯಲ್ಲಿ ನಡೆಯುವಂಥವು. ಕರೆದರೆ ಕೇಳುವಷ್ಟು ದೂರದಲ್ಲಿ, ತಂಗಿ-ತಮ್ಮಂದಿರನ್ನು ನೋಡಿಕೊಳ್ಳುತ್ತಲೇ ಆಡಬಹುದಾದಂಥವು. ಚಿನ್ನಿದಾಂಡು, ಬುಗುರಿಗಳಿಗೆ ಬಯಲು ಬೇಕು. ಹುಡುಗಿಯರ ಹೊರಗಿನ ಆಟವಾದ ಕುಂಟೆಬಿಲ್ಲೆಗೂ ಅಂಗಳದ ಅಳತೆ ಸಾಕು. ಇವು ಕೀಳು ಆಟಗಳಲ್ಲ. ಅಳಗುಳಿಮಣೆಯ ಲೆಕ್ಕ, ಕುಂಟೆಬಿಲ್ಲೆಯ ಸಮತೋಲ ಎರಡೂ ಕಷ್ಟದವೇ. ಆದರೆ ಅವುಗಳ ಎಲ್ಲೆಯನ್ನು ಆಟದ ನಿಯಮ ಹಾಕಲಿಲ್ಲ, ಮನೆಗೆಲಸ ಹಾಕಿತು.

ಶಾಲೆಗಳು ಬಂದ ಮೇಲೂ ವಿಂಗಡಣೆ ಹೊಸ ರೂಪದಲ್ಲಿ ಉಳಿಯಿತು. ಕರ್ನಾಟಕದ ಶಾಲೆಗಳಲ್ಲಿ ಹುಡುಗರಿಗೆ ವಾಲಿಬಾಲ್, ಹುಡುಗಿಯರಿಗೆ ಥ್ರೋಬಾಲ್ ಎಂಬುದು ಯಾರೂ ಬರೆಯದ ಕಾನೂನಿನಂತೆ ದಶಕಗಳ ಕಾಲ ನಡೆದುಬಂದಿದೆ. ಒಂದೇ ಬಲೆ, ಒಂದೇ ಅಂಗಳ. ಹುಡುಗ ಚೆಂಡನ್ನು ಹೊಡೆಯುತ್ತಾನೆ, ಹುಡುಗಿ ಹಿಡಿದು ಎಸೆಯುತ್ತಾಳೆ. ಥ್ರೋಬಾಲ್ ಹಾಗೂ ರಿಂಗ್ ಆಟವಾದ ಟೆನ್ನಿಕಾಯ್ಟ್ ಲಕ್ಷಾಂತರ ಹುಡುಗಿಯರನ್ನು ಮೈದಾನಕ್ಕೆ ತಂದವು ಎಂಬ ಋಣವನ್ನು ಒಪ್ಪಿಕೊಳ್ಳಲೇಬೇಕು. ಆದರೆ ಒಲಿಂಪಿಕ್ಸ್‌ನಲ್ಲಿ ಇಲ್ಲದ ಆಟದಲ್ಲಿ ಶಾಲಾ ದಿನಗಳನ್ನು ಕಳೆದ ಹುಡುಗಿಗೆ ಮುಂದಿನ ಮೆಟ್ಟಿಲು ಯಾವುದು ಎಂದು ಕೇಳಿದವರು ಕಡಿಮೆ.

ಮೊದಲ ಹೆಜ್ಜೆಗಳು

ಆಧುನಿಕ ಒಲಿಂಪಿಕ್ಸ್ ಕಟ್ಟಿದ ಪಿಯರ್ ದ ಕೂಬರ್ತೆಗೆ ಮಹಿಳೆಯರು ಸ್ಪರ್ಧಿಸುವುದು ಇಷ್ಟವಿರಲಿಲ್ಲ. 1900ರ ಪ್ಯಾರಿಸ್ ಕೂಟದಲ್ಲಿ ಅವರಿಗೆ ಬಾಗಿಲು ತೆರೆದರೂ 1928ರ ಆಮ್‌ಸ್ಟರ್‌ಡ್ಯಾಮ್‌ನಲ್ಲಿ 800 ಮೀಟರ್ ಓಡಿದವರು ಬಳಲಿದರೆಂಬ ನೆಪದಲ್ಲಿ ಆ ಓಟವನ್ನೇ ಕೈಬಿಡಲಾಯಿತು. ಅದು ಮರಳಿದ್ದು 1960ರಲ್ಲಿ. ಓಟದ ಕೊನೆಯಲ್ಲಿ ಗಂಡಸರೂ ಬಳಲುತ್ತಾರೆ. ಗಂಡಸು ಕುಸಿದರೆ ಪರಾಕ್ರಮ, ಹೆಂಗಸು ಕುಸಿದರೆ ದೌರ್ಬಲ್ಯ ಎಂದು ಒಂದೇ ದೃಶ್ಯವನ್ನು ಎರಡು ರೀತಿ ಓದಿದ್ದು ಇಲ್ಲಿನ ಸಂಗತಿ. ಮಹಿಳೆಯರ ಮ್ಯಾರಥಾನ್ ಒಲಿಂಪಿಕ್ಸ್‌ಗೆ ಬರಲು 1984 ಆಗಬೇಕಾಯಿತು.

ಸ್ವತಂತ್ರ ಭಾರತದಿಂದ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದ ಮೊದಮೊದಲ ಮಹಿಳೆಯರೆಂದರೆ 1952ರ ಹೆಲ್ಸಿಂಕಿಗೆ ಹೋದ ನೀಲಿಮಾ ಘೋಷ್, ಮೇರಿ ಡಿಸೋಜಾ, ಡಾಲಿ ನಜೀರ್ ಮತ್ತು ಆರತಿ ಸಹಾ. ಇವರಲ್ಲಿ ಗೋವಾ ಮೂಲದ ಮನೆತನದ ಮೇರಿ ಡಿಸೋಜಾ ಮುಂಬೈಯ ಬಾಂದ್ರಾದವರು. 1951ರ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ 200 ಮೀಟರ್ ಓಟದಲ್ಲಿ ಕಂಚು ಗೆದ್ದಿದ್ದರು. ಹಾಕಿಯಲ್ಲೂ ದೇಶಕ್ಕೆ ಆಡಿದರು. ಹೆಲ್ಸಿಂಕಿಗೆ ಹೋಗುವ ಹಣ ಸರ್ಕಾರದಿಂದ ಸಿಗದೆ, ಸ್ನೇಹಿತರು ನೃತ್ಯಕೂಟ ಏರ್ಪಡಿಸಿ ಕೂಡಿಸಿದ ದುಡ್ಡಿನಲ್ಲಿ ಹೊರಟರು. ಅವರಿಗೆ ಧ್ಯಾನ್‌ಚಂದ್ ಪ್ರಶಸ್ತಿ ಬಂದದ್ದು 2013ರಲ್ಲಿ, ಎಂಬತ್ತು ದಾಟಿದ ಮೇಲೆ.

ಬೆಂಗಳೂರಿನಲ್ಲಿ ಇದೇ ಕಾಲದ ಹೆಸರು ಎಲ್ವೆರಾ ಬ್ರಿಟ್ಟೊ. 1960ರಿಂದ 1967ರವರೆಗೆ ಅವರ ನಾಯಕತ್ವದಲ್ಲಿ ಮೈಸೂರು ರಾಜ್ಯದ ಮಹಿಳಾ ಹಾಕಿ ತಂಡ ಸತತವಾಗಿ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ತಂಗಿಯರಾದ ರೀಟಾ ಮತ್ತು ಮೇ ಕೂಡ ಆಡುತ್ತಿದ್ದರು. ಎಲ್ವೆರಾ ಅವರಿಗೆ 1965ರಲ್ಲಿ ಅರ್ಜುನ ಪ್ರಶಸ್ತಿ ಬಂತು, 2022ರಲ್ಲಿ ಅವರು ತೀರಿಕೊಂಡರು. ಆ ಕಾಲದ ಆಟಗಾರ್ತಿಯರ ಪಟ್ಟಿಯಲ್ಲಿ ಆಂಗ್ಲೋ-ಇಂಡಿಯನ್, ಕ್ರೈಸ್ತ, ಪಾರ್ಸಿ ಹೆಸರುಗಳೇ ಹೆಚ್ಚು. ಉಳಿದ ಜಾತಿಗಳ ಹುಡುಗಿಯರಲ್ಲಿ ಕಸುವಿರಲಿಲ್ಲ ಎಂದಲ್ಲ. ಕಾನ್ವೆಂಟಿನ ಮೈದಾನ, ಮೊಣಕಾಲಿನವರೆಗಿನ ಸ್ಕರ್ಟು, ಸಂಜೆ ಹೊರಗಿರುವ ಅನುಮತಿ ಆ ಕೆಲವು ಮನೆಗಳಲ್ಲಷ್ಟೇ ಇತ್ತು.

ಕೊಡಗು ಬೇರೆಯದೇ ಚಿತ್ರ ಕೊಡುತ್ತದೆ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಶುರುಮಾಡಿದ ಕೊಡವ ಕೌಟುಂಬಿಕ ಹಾಕಿ ಹಬ್ಬದಲ್ಲಿ ಮನೆತನವೇ ತಂಡ. ತಂಡದಲ್ಲಿ ಹೆಣ್ಣುಮಕ್ಕಳು ಗಂಡಸರ ಜೊತೆಯಲ್ಲೇ ಆಡುವುದುಂಟು. ಹುಡುಗಿ ಕೋಲು ಹಿಡಿಯುವುದು ಮನೆತನದ ಗೌರವಕ್ಕೆ ಕುಂದು ಎನ್ನುವ ಸೀಮೆಗಳ ನಡುವೆ, ಕೋಲು ಹಿಡಿಯುವುದೇ ಮನೆತನದ ಗೌರವ ಎನ್ನುವ ಸೀಮೆಯೊಂದಿದೆ. ಹೆಣ್ಣುತನ ಎಂಬುದು ಊರಿಂದೂರಿಗೆ ಬದಲಾಗುವ ಏರ್ಪಾಡು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಬ್ಯಾಂಕಿನ ಕೆಲಸ ಮತ್ತು ಮೊದಲ ಶತಕ

1973ರಲ್ಲಿ ಭಾರತದ ಮಹಿಳಾ ಕ್ರಿಕೆಟ್ ಸಂಸ್ಥೆ ಹುಟ್ಟಿತು. ಮೂರು ವರ್ಷದ ಬಳಿಕ, 1976ರ ಅಕ್ಟೋಬರ್ ಕೊನೆಯಲ್ಲಿ, ಬೆಂಗಳೂರಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಭಾರತದ ಮಹಿಳೆಯರು ಮೊದಲ ಟೆಸ್ಟ್ ಆಡಿದರು. ನಾಯಕಿ ಶಾಂತಾ ರಂಗಸ್ವಾಮಿ. ಅದೇ ಸರಣಿಯಲ್ಲಿ ಪಟ್ನಾದಲ್ಲಿ ಮೊದಲ ಗೆಲುವು ಬಂತು. 1977ರ ಜನವರಿಯಲ್ಲಿ ನ್ಯೂಜಿಲೆಂಡಿನ ಡ್ಯುನೆಡಿನ್‌ನಲ್ಲಿ ಅವರು ಹೊಡೆದ 108 ರನ್ ಭಾರತದ ಮಹಿಳೆಯೊಬ್ಬರ ಮೊದಲ ಟೆಸ್ಟ್ ಶತಕ. ಅರ್ಜುನ ಪ್ರಶಸ್ತಿ ಪಡೆದ ಮೊದಲ ಮಹಿಳಾ ಕ್ರಿಕೆಟರ್ ಕೂಡ ಅವರೇ.

ಆ ಪೀಳಿಗೆಯ ಆಟಗಾರ್ತಿಯರು ಕಾಯ್ದಿರಿಸದ ರೈಲು ಡಬ್ಬಿಯಲ್ಲಿ ಹಾಸಿಗೆ ಸುತ್ತಿಕೊಂಡು ಪ್ರಯಾಣ ಮಾಡುತ್ತಿದ್ದರು, ಸಾಲು ಹಾಸಿನ ಹಾಲ್‌ಗಳಲ್ಲಿ ಮಲಗುತ್ತಿದ್ದರು ಎಂಬುದನ್ನು ಶಾಂತಾ ಅವರೇ ಹಲವು ಸಂದರ್ಶನಗಳಲ್ಲಿ ಹೇಳಿದ್ದಾರೆ. ಆಟದಿಂದ ಅನ್ನ ಹುಟ್ಟುತ್ತಿರಲಿಲ್ಲ. ಅನ್ನ ಕೊಟ್ಟದ್ದು ಕೆನರಾ ಬ್ಯಾಂಕ್. ಅಲ್ಲಿ ಅವರು ಹಿರಿಯ ಅಧಿಕಾರಿಯ ಹುದ್ದೆಯವರೆಗೆ ಏರಿದರು. ಇಲ್ಲೊಂದು ಸಂಗತಿಯನ್ನು ಗಮನಿಸಬೇಕು. ಪ್ಯಾರಾ ಕ್ರೀಡಾಪಟು ಮಾಲತಿ ಹೊಳ್ಳ ಅವರಿಗೆ ಸಿಂಡಿಕೇಟ್ ಬ್ಯಾಂಕ್ ಕೆಲಸ ಕೊಟ್ಟಿತು. ಹೆಪ್ಟಾಥ್ಲಾನ್ ಮತ್ತು ಉದ್ದ ಜಿಗಿತದ ರೀತ್ ಅಬ್ರಹಾಂ ಅವರಿಗೆ ಕಾರ್ಪೊರೇಷನ್ ಬ್ಯಾಂಕ್. ಮಂಗಳೂರಿನಲ್ಲಿ 1906ರಲ್ಲಿ ಹುಟ್ಟಿದ ಕೆನರಾ, ಅದೇ ವರ್ಷ ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಷನ್, 1925ರಲ್ಲಿ ಉಡುಪಿಯಲ್ಲೇ ಹುಟ್ಟಿದ ಸಿಂಡಿಕೇಟ್, ಮೂರೂ ಕರಾವಳಿಯ ಬ್ಯಾಂಕುಗಳು. ಕನ್ನಡ ನಾಡಿನ ಮಹಿಳಾ ಕ್ರೀಡೆಯ ಚರಿತ್ರೆ ಬರೆಯುವವರು ಮೈದಾನಗಳ ಪಕ್ಕದಲ್ಲಿ ಈ ಬ್ಯಾಂಕುಗಳ ಹಾಜರಿ ಪುಸ್ತಕವನ್ನೂ ಇಟ್ಟುಕೊಳ್ಳಬೇಕು. ತಿಂಗಳ ಸಂಬಳ ಇದ್ದದ್ದರಿಂದಲೇ ಮದುವೆಯ ವಿಚಾರದಲ್ಲಿ, ಅಭ್ಯಾಸದ ಹೊತ್ತಿನ ವಿಚಾರದಲ್ಲಿ, ಇನ್ನೂ ಎಷ್ಟು ವರ್ಷ ಆಡಬೇಕೆಂಬ ವಿಚಾರದಲ್ಲಿ ತಮ್ಮ ಮಾತು ನಡೆಸಲು ಇವರಿಗೆ ಸಾಧ್ಯವಾಯಿತು. ವ್ಯಕ್ತಿತ್ವವನ್ನು ಮನೋಬಲದ ಕಥೆಯಾಗಿಯಷ್ಟೇ ಹೇಳುವ ರೂಢಿ ಈ ಸಂಬಳದ ಚೀಟಿಯನ್ನು ಮರೆಸುತ್ತದೆ.

ರೂಪ, ಉಡುಪು, ಕಣ್ಣು

ಕೊಡಗಿನ ಅಶ್ವಿನಿ ನಾಚಪ್ಪ 1980ರ ದಶಕದ ಕೊನೆಯಲ್ಲಿ ದೇಶದ ವೇಗದ ಓಟಗಾರ್ತಿಯರಲ್ಲಿ ಒಬ್ಬರು, ಪಿ.ಟಿ. ಉಷಾ ಅವರನ್ನು ಓಟದಲ್ಲಿ ಹಿಂದೆ ಹಾಕಿದವರು. 1988ರಲ್ಲಿ ಅರ್ಜುನ ಪ್ರಶಸ್ತಿ ಪಡೆದವರು. ಆದರೆ ಪತ್ರಿಕೆಗಳು ಅವರಿಗೆ ಕೊಟ್ಟ ಹೆಸರು ಭಾರತದ ಫ್ಲೋಜೋ. ಅಮೆರಿಕದ ಫ್ಲಾರೆನ್ಸ್ ಗ್ರಿಫಿತ್ ಜಾಯ್ನರ್ ಅವರ ಬಣ್ಣದ ಉಡುಪು, ಉಗುರುಗಳನ್ನು ನೆನಪಿಸುವ ಹೆಸರದು. ಅಶ್ವಿನಿಯವರ ಓಟದ ಸಮಯಕ್ಕಿಂತ ಅವರ ಉಡುಗೆ, ಮುಖಗಳ ಮೇಲೆ ಹೆಚ್ಚು ಅಕ್ಷರ ವ್ಯಯವಾಯಿತು. ಅಚ್ಚಿನ ಎರಡನೆಯ ಮುಖ ಇದೇ. ಗಂಡುಬೀರಿ ಎನ್ನುವ ಬಾಯಿಗೂ ಚೆಲುವೆ ಎನ್ನುವ ಬಾಯಿಗೂ ಕಾಣದೆ ಹೋದದ್ದು ಒಂದೇ: ಆಕೆಯ ಕಾಲಿನ ಓಟ. ಅವರಾದರೋ ಆ ಬೆಳಕನ್ನು ತಮ್ಮ ರೀತಿಯಲ್ಲಿ ಬಳಸಿಕೊಂಡರು. 1991ರಲ್ಲಿ ತಮ್ಮದೇ ಬದುಕನ್ನು ಆಧರಿಸಿದ, ತಮ್ಮದೇ ಹೆಸರಿನ ತೆಲುಗು ಚಿತ್ರದಲ್ಲಿ ನಟಿಸಿದರು. ಮುಂದೆ ಕೊಡಗಿನ ಗೋಣಿಕೊಪ್ಪದಲ್ಲಿ ಕ್ರೀಡೆಗೆ ಒತ್ತು ಕೊಡುವ ಶಾಲೆ ಕಟ್ಟಿದರು. ಉದ್ದೀಪನ ಮದ್ದಿನ ವಿರುದ್ಧ ದನಿ ಎತ್ತಿದರು.

ಉಡುಪಿನ ವಿಚಾರದಲ್ಲಿ ಹೆಣ್ಣಿಗೆ ಎರಡೂ ಕಡೆಯಿಂದ ಏಟು. ಊರಿನಲ್ಲಿ, ಹೆಣ್ಣಮಗಳು ಚಡ್ಡಿ ಹಾಕ್ಕೊಂಡು ಓಡ್ತಾಳಲ್ಲ ಎಂಬ ಮಾತು. ದೊಡ್ಡ ಅಂಗಳ ತಲುಪಿದರೆ, ಇನ್ನಷ್ಟು ಗಿಡ್ಡ ತೊಡು ಎಂಬ ನಿಯಮ. ವಿಶ್ವ ಬ್ಯಾಡ್ಮಿಂಟನ್ ಒಕ್ಕೂಟ 2011ರಲ್ಲಿ ಆಟವನ್ನು ಆಕರ್ಷಕಗೊಳಿಸುವ ಹೆಸರಿನಲ್ಲಿ ಆಟಗಾರ್ತಿಯರೆಲ್ಲ ಸ್ಕರ್ಟ್ ಅಥವಾ ಫ್ರಾಕ್ ತೊಡಲೇಬೇಕೆಂಬ ನಿಯಮ ತರಲು ಹೊರಟು, ವಿರೋಧ ಬಂದಾಗ ಮುಂದೂಡಿ, 2012ರಲ್ಲಿ ಕೈಬಿಟ್ಟಿತು. ಅದೇ 2011ರಲ್ಲಿ ಕೊಡಗು ಮೂಲದ ಅಶ್ವಿನಿ ಪೊನ್ನಪ್ಪ ಮತ್ತು ಹೈದರಾಬಾದಿನ ಜ್ವಾಲಾ ಗುಟ್ಟಾ ವಿಶ್ವ ಚಾಂಪಿಯನ್‌ಷಿಪ್‌ನ ಡಬಲ್ಸ್‌ನಲ್ಲಿ ಕಂಚು ಗೆದ್ದರು. ಆಟವನ್ನು ಆಕರ್ಷಕಗೊಳಿಸಲು ಆ ಪದಕ ಸಾಲದೇ ಎಂಬ ಪ್ರಶ್ನೆ ಆ ಸಂಸ್ಥೆಗೆ ಹೊಳೆಯಲಿಲ್ಲ. 2021ರಲ್ಲಿ ನಾರ್ವೆಯ ಮಹಿಳಾ ಬೀಚ್ ಹ್ಯಾಂಡ್‌ಬಾಲ್ ತಂಡ ಬಿಕಿನಿ ಬದಲು ಚಡ್ಡಿ ತೊಟ್ಟು ಆಡಿದ್ದಕ್ಕೆ 1500 ಯೂರೊ ದಂಡಕ್ಕೆ ಗುರಿಯಾಯಿತು. ಅದೇ ವರ್ಷ ಟೋಕಿಯೊದಲ್ಲಿ ಜರ್ಮನಿಯ ಜಿಮ್ನಾಸ್ಟ್‌ಗಳು ಕಾಲು ಮುಚ್ಚುವ ಉಡುಪಿನಲ್ಲಿ ಕಾಣಿಸಿಕೊಂಡರು. ಬಿಳಿಬಟ್ಟೆಯ ನಿಯಮಕ್ಕೆ ಹೆಸರಾದ ವಿಂಬಲ್ಡನ್ 2023ರಲ್ಲಿ ಮುಟ್ಟಿನ ದಿನಗಳ ಆತಂಕವನ್ನು ಮನಗಂಡು ಆಟಗಾರ್ತಿಯರಿಗೆ ಗಾಢ ಬಣ್ಣದ ಒಳಚಡ್ಡಿ ತೊಡಲು ಬಿಟ್ಟಿತು. ಅಷ್ಟು ಸಣ್ಣ ಮಾತನ್ನು ಕೇಳಿಸಿಕೊಳ್ಳಲು ಒಂದು ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು.

ಮೈ ಓಡಿಸುವ ಅಗತ್ಯವೇ ಇಲ್ಲದ ಚದುರಂಗದಲ್ಲೂ ಇದೇ ಕಣ್ಣು. 2024ರ ಜನವರಿಯಲ್ಲಿ ನೆದರ್ಲೆಂಡ್ಸ್‌ನ ವೈಕ್ ಆನ್ ಜೀ ಪಂದ್ಯಾವಳಿ ಮುಗಿಸಿದ ನಾಗಪುರದ ದಿವ್ಯಾ ದೇಶಮುಖ್, ನೋಡುಗರು ತನ್ನ ನಡೆಗಳನ್ನು ಬಿಟ್ಟು ಬಟ್ಟೆ, ಕೂದಲು, ಉಚ್ಚಾರಣೆಯ ಮೇಲೆ ಗಮನವಿಡುತ್ತಾರೆಂದು ಬಹಿರಂಗವಾಗಿ ಬರೆದರು. ಆಗ ಅವರಿಗೆ ಹದಿನೆಂಟು ವರ್ಷ. 2025ರ ಜುಲೈನಲ್ಲಿ ಮಹಿಳಾ ವಿಶ್ವಕಪ್ ಗೆದ್ದರು. ಅದೇ ವರ್ಷದ ಕೊನೆಯಲ್ಲಿ ಗೋವಾದಲ್ಲಿ ನಡೆದ, ಗಂಡು-ಹೆಣ್ಣೆಂಬ ಭೇದವಿಲ್ಲದ ವಿಶ್ವಕಪ್‌ಗೆ ವಿಶೇಷ ಪ್ರವೇಶ ಪಡೆದು ಪುರುಷರ ನಡುವೆ ಆಡಿದರು. ಗೋವಾದವರೇ ಆದ ಭಕ್ತಿ ಕುಲಕರ್ಣಿ ಅದಕ್ಕೂ ಮೊದಲು, 2022ರಲ್ಲಿ, ಚದುರಂಗಕ್ಕಾಗಿ ಅರ್ಜುನ ಪ್ರಶಸ್ತಿ ಪಡೆದಿದ್ದರು.

ರೂಪದ ಪರೀಕ್ಷೆಗಿಂತ ಕ್ರೂರವಾದದ್ದು ಹೆಣ್ಣುತನದ ಪರೀಕ್ಷೆ. ತಮಿಳುನಾಡಿನ ಶಾಂತಿ ಸೌಂದರರಾಜನ್ 2006ರ ದೋಹಾ ಏಷ್ಯನ್ ಕ್ರೀಡಾಕೂಟದ 800 ಮೀಟರ್ ಓಟದಲ್ಲಿ ಗೆದ್ದ ಬೆಳ್ಳಿಯನ್ನು ಇಂಥ ಪರೀಕ್ಷೆಯ ಬಳಿಕ ಕಳೆದುಕೊಂಡರು. ಒಡಿಶಾದ ದ್ಯುತಿ ಚಂದ್ 2014ರಲ್ಲಿ ತಂಡದಿಂದ ಹೊರಬಿದ್ದರೂ ಸುಮ್ಮನಿರದೆ ಕ್ರೀಡಾ ನ್ಯಾಯಮಂಡಳಿಗೆ ಹೋಗಿ, 2015ರಲ್ಲಿ ಆ ನಿಯಮಕ್ಕೆ ತಡೆ ತಂದರು. 2025ರ ಸೆಪ್ಟೆಂಬರ್‌ನಿಂದ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ಮಹಿಳಾ ವಿಭಾಗಕ್ಕೆ ವಂಶವಾಹಿ ಪರೀಕ್ಷೆಯನ್ನು ಕಡ್ಡಾಯ ಮಾಡಿದೆ. ಸ್ಪರ್ಧೆ ನ್ಯಾಯವಾಗಿರಬೇಕೆಂಬ ಕಾಳಜಿ ಸುಳ್ಳಲ್ಲ. ಆದರೆ ಹಳ್ಳಿಯಿಂದ ಬಂದ ಹುಡುಗಿಯ ಮೈಯ ಗುಟ್ಟು ಊರೆಲ್ಲ ಸುದ್ದಿಯಾದ ಮೇಲೆ ಅವಳು ಬದುಕುವುದು ಹೇಗೆ ಎಂಬ ಕಾಳಜಿಯೂ ನಿಯಮ ಬರೆಯುವ ಮೇಜಿನ ಮೇಲೆ ಇರಬೇಕು. ಶಾಂತಿಯವರ ವಿಷಯದಲ್ಲಿ ಅದು ಇರಲಿಲ್ಲ.

ಮದುವೆ, ಮಗು, ಮರಳಿ ಬರುವುದು

ದಕ್ಷಿಣ ಕನ್ನಡದ ಸಹನಾ ಕುಮಾರಿ 2012ರಲ್ಲಿ ಎತ್ತರ ಜಿಗಿತದಲ್ಲಿ 1.92 ಮೀಟರ್ ದಾಟಿ ರಾಷ್ಟ್ರೀಯ ದಾಖಲೆ ಬರೆದು ಲಂಡನ್ ಒಲಿಂಪಿಕ್ಸ್‌ಗೆ ಹೋದಾಗ ಅವರು ಒಂದು ಮಗುವಿನ ತಾಯಿ. ಆ ಮಗು ಪಾವನಾ ನಾಗರಾಜ್ ಬೆಳೆದು 2024ರಲ್ಲಿ ಏಷ್ಯನ್ 20 ವರ್ಷದೊಳಗಿನವರ ಉದ್ದ ಜಿಗಿತದಲ್ಲಿ ಚಿನ್ನ ಗೆದ್ದಳು. ಸಹನಾ ಅವರಿಗಿಂತ ಮುಂಚೆ ರೀತ್ ಅಬ್ರಹಾಂ ಕೂಡ ತಾಯಿಯಾದ ಮೇಲೆ ಟ್ರ್ಯಾಕ್‌ಗೆ ಮರಳಿದ್ದರು. ಇಂಥವರನ್ನು ಸೂಪರ್ ಮಾಮ್ ಎಂದು ಕೊಂಡಾಡುವುದು ವಾಡಿಕೆ. ಒಳ್ಳೆಯ ಮನಸ್ಸಿನಿಂದ ಬಂದ ಬಿರುದೇ ಆದರೂ ಅದರಲ್ಲೊಂದು ತೊಡಕಿದೆ. ಹೆರಿಗೆಯ ನಂತರದ ತರಬೇತಿ, ರಜೆ, ಮಗು ನೋಡಿಕೊಳ್ಳುವ ಏರ್ಪಾಡು ಇವೆಲ್ಲ ಒಂದು ಕ್ರೀಡಾ ವ್ಯವಸ್ಥೆ ಕೊಡಬೇಕಾದವು. ಬಿರುದು ಕೊಟ್ಟುಬಿಟ್ಟರೆ ಅವನ್ನು ಕೊಡದೆ ತಪ್ಪಿಸಿಕೊಳ್ಳಬಹುದು. ಸೂಪರ್ ಡ್ಯಾಡ್ ಎಂಬ ಬಿರುದನ್ನು ಯಾವ ಬೌಲರ್‌ಗೂ ಯಾರೂ ಕೊಟ್ಟಿಲ್ಲ. ಅವನ ಮಗುವನ್ನು ಯಾರೋ ನೋಡಿಕೊಳ್ಳುತ್ತಿದ್ದಾರೆಂಬುದು ಎಲ್ಲರಿಗೂ ಗೊತ್ತು.

ಬೆಂಗಳೂರಿನ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ ಅವರ ಮನೆಯಲ್ಲಿ ಪಾತ್ರಗಳು ಹೀಗೆ ಗಟ್ಟಿಗೊಂಡಿರಲಿಲ್ಲ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಮಗಳ ಗಾಲ್ಫ್ ಚೀಲ ಹೊತ್ತವರು ತಂದೆ, ಟೋಕಿಯೊದಲ್ಲಿ ತಾಯಿ. ಟೋಕಿಯೊದಲ್ಲಿ ಅದಿತಿ ನಾಲ್ಕನೆಯ ಸ್ಥಾನ ಪಡೆದ ದಿನ, ಗಾಲ್ಫ್ ಎಂದರೇನೆಂದು ತಿಳಿಯದ ಮನೆಗಳೂ ನಸುಕಿನಲ್ಲೆದ್ದು ಟಿವಿ ಮುಂದೆ ಕೂತಿದ್ದವು.

ಮೈಮುಟ್ಟುವ ಆಟ

ಮುಟ್ಟುವುದು, ಹಿಡಿಯುವುದು, ಕೆಡವುವುದೇ ಕಬಡ್ಡಿ. ಹೆಣ್ಣಿನ ಮೈಯನ್ನು ಕಾಯುವುದೇ ಮರ್ಯಾದೆ ಎಂದುಕೊಂಡ ಊರುಗಳಲ್ಲಿ ಮಣ್ಣಿನಂಕಣದಲ್ಲಿ ಹುಡುಗಿಯರು ಒಬ್ಬರ ಮೇಲೊಬ್ಬರು ಬೀಳುವುದನ್ನು ಜನ ಒಪ್ಪಿಕೊಂಡದ್ದು ಸಣ್ಣ ಸಂಗತಿಯಲ್ಲ. ಉಡುಪಿ ಜಿಲ್ಲೆಯ ಕಾರ್ಕಳದ ಬಳಿಯ ಹೆರ್ಮುಂಡೆಯ ಕೃಷಿ ಕುಟುಂಬದ ಮಮತಾ ಪೂಜಾರಿ ಶಾಲೆಯಲ್ಲಿ ವಾಲಿಬಾಲ್, ಗುಂಡು ಎಸೆತಗಳಲ್ಲಿ ತೊಡಗಿದ್ದವರು. ಕಬಡ್ಡಿ ಬಂದದ್ದು ಆಮೇಲೆ. ಮಹಿಳಾ ಕಬಡ್ಡಿ ಏಷ್ಯನ್ ಕ್ರೀಡಾಕೂಟಕ್ಕೆ ಮೊದಲು ಸೇರಿದ್ದು 2010ರಲ್ಲಿ, ಗುವಾಂಗ್‌ಝೌನಲ್ಲಿ. ಆ ಚಿನ್ನದ ತಂಡದಲ್ಲೂ 2014ರ ಇಂಚಿಯಾನ್ ಚಿನ್ನದ ತಂಡದಲ್ಲೂ ಮಮತಾ ಇದ್ದರು, ಕರ್ನಾಟಕದವರೇ ಆದ ತೇಜಸ್ವಿನಿ ಬಾಯಿ ಇದ್ದರು. 2012ರಲ್ಲಿ ಪಟ್ನಾದಲ್ಲಿ ನಡೆದ ಮೊದಲ ಮಹಿಳಾ ವಿಶ್ವಕಪ್ ಗೆದ್ದಾಗ ನಾಯಕಿ ಮಮತಾ. ಇಲ್ಲೂ ಕೆಲಸ ಕೊಟ್ಟು ನಿಲ್ಲಿಸಿದ್ದು ರೈಲ್ವೆ. 2018ರಲ್ಲಿ ಜಕಾರ್ತಾ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ಭಾರತವನ್ನು ಸೋಲಿಸಿದ್ದು ಇರಾನ್. ತಲೆಗೆ ಬಟ್ಟೆ ಕಟ್ಟಿಕೊಂಡು ಆಡುವ ಆ ತಂಡವನ್ನು ಪಳಗಿಸಿದ್ದವರು ಭಾರತದ ಶೈಲಜಾ ಜೈನ್. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರು.

ಕ್ರಿಕೆಟ್‌ನಲ್ಲಿ ಸಣ್ಣ ಊರುಗಳ ಕನ್ನಡದ ಹುಡುಗಿಯರು ಎಂಥವರೆಂದು ತಿಳಿಯಲು ಒಂದು ಪಂದ್ಯ ಸಾಕು. 2017ರ ಜುಲೈ 15, ಇಂಗ್ಲೆಂಡಿನ ಡರ್ಬಿ, ವಿಶ್ವಕಪ್; ಗೆದ್ದರೆ ಸೆಮಿಫೈನಲ್, ಸೋತರೆ ಮನೆಗೆ. ಕಡೂರಿನ ವೇದಾ ಕೃಷ್ಣಮೂರ್ತಿ 45 ಎಸೆತಗಳಲ್ಲಿ 70 ಹೊಡೆದರು. ಬಳಿಕ ವಿಜಯಪುರದ ರಾಜೇಶ್ವರಿ ಗಾಯಕವಾಡ 15 ರನ್ ಕೊಟ್ಟು 5 ವಿಕೆಟ್ ಕಿತ್ತರು. ನ್ಯೂಜಿಲೆಂಡ್ 79ಕ್ಕೆ ಮುಗಿಯಿತು. ಇಬ್ಬರನ್ನೂ ಒಂದೇ ಅಚ್ಚಿಗೆ ಹಾಕಲಾಗದು. ವೇದಾ ಹನ್ನೆರಡನೆಯ ವಯಸ್ಸಿಗೇ ಕರಾಟೆಯಲ್ಲಿ ಕಪ್ಪು ಪಟ್ಟಿ ಪಡೆದವರು, ಮುನ್ನುಗ್ಗಿ ಹೊಡೆಯುವವರು. ರಾಜೇಶ್ವರಿ ಎಡಗೈ ಸ್ಪಿನ್ನರ್, ಒಂದೇ ಜಾಗಕ್ಕೆ ಮತ್ತೆ ಮತ್ತೆ ಚೆಂಡು ಹಾಕಿ ಕಾಯುವವರು. ಮಗಳ ಆಟಕ್ಕೆ ಬೆನ್ನಾಗಿ ನಿಂತಿದ್ದ ತಂದೆ, ಅವಳು ಭಾರತಕ್ಕೆ ಆಡಲು ಶುರುಮಾಡಿದ ಸ್ವಲ್ಪ ದಿನಕ್ಕೇ ತೀರಿಕೊಂಡರು.

ವಿಶ್ವಕಪ್ ಮುಗಿಸಿ ಬಂದ ರಾಜೇಶ್ವರಿಯವರಿಗೆ ಊರಿನ ಸನ್ಮಾನದಲ್ಲಿ ಕಾರು ಕೊಡಲು ಮುಂದಾದಾಗ, ತನ್ನ ಕುಟುಂಬ ಬಾಡಿಗೆ ಮನೆಯಲ್ಲಿದೆ, ಕಾರಿಗಿಂತ ಮನೆ ಬೇಕು ಎಂದು ಅವರು ಹೇಳಿದರು. ಕೆಲವರಿಗೆ ಅದು ಅತಿಯೆನಿಸಿತು. ಸನ್ಮಾನ ಸ್ವೀಕರಿಸುವ ಹೆಣ್ಣುಮಗಳು ತಲೆ ತಗ್ಗಿಸಿ ಕೊಟ್ಟದ್ದನ್ನು ಪಡೆಯಬೇಕು ಎಂಬುದೂ ಒಂದು ಅಚ್ಚು. ತನಗೆ ಬೇಕಾದುದೇನೆಂದು ಮೈಕಿನ ಮುಂದೆ, ಎಲ್ಲರೆದುರು ಹೇಳಿದ ಆ ಮಾತನ್ನು ಈ ಲೇಖಕ ಡರ್ಬಿಯ ಐದು ವಿಕೆಟ್‌ಗಳಷ್ಟೇ ಮುಖ್ಯವೆಂದು ಎಣಿಸುತ್ತಾನೆ.

ಕುಲದ ಅಚ್ಚು, ಅಂಗದ ಅಚ್ಚು

ಲಿಂಗದ ಅಚ್ಚು ಒಂಟಿಯಾಗಿ ಬರುವುದಿಲ್ಲ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗೋವಾಕ್ಕೆ ಗುಲಾಮರಾಗಿ ತಂದವರ ಸಂತತಿಯೆನ್ನಲಾದ ಸಿದ್ದಿಗಳು ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡುಗಳಲ್ಲಿ ನೆಲೆಸಿದ್ದಾರೆ. ಮಾರ್ಗರೆಟ್ ಆಳ್ವ ಕೇಂದ್ರದಲ್ಲಿ ಕ್ರೀಡಾ ಖಾತೆ ನೋಡಿಕೊಳ್ಳುತ್ತಿದ್ದ 1980ರ ದಶಕದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ದಿತು. ಕಮಲಾ ಸಿದ್ದಿಯಂಥ ಹುಡುಗಿಯರು ಹರ್ಡಲ್ಸ್‌ನಲ್ಲಿ ರಾಷ್ಟ್ರ ಮಟ್ಟಕ್ಕೆ ಏರಿದರು. 1990ರ ದಶಕದಲ್ಲಿ ಯೋಜನೆ ನಿಂತುಹೋಯಿತು. ಆಫ್ರಿಕಾದ ರಕ್ತವಿದೆ, ಆದ್ದರಿಂದ ಓಡುತ್ತಾರೆ ಎಂಬ ನಂಬಿಕೆಯ ಮೇಲೆ ಕಟ್ಟಿದ ಯೋಜನೆ, ಆ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ನೋಡಿತ್ತೇ ಎಂಬುದು ಈಗಲೂ ಕೇಳಬೇಕಾದ ಪ್ರಶ್ನೆ.

ಉಡುಪಿ ಜಿಲ್ಲೆಯ ಕೋಟದ ಮಾಲತಿ ಹೊಳ್ಳ ಹಸುಗೂಸಿದ್ದಾಗಲೇ ಪೋಲಿಯೊಗೆ ತುತ್ತಾದವರು. ಮೂವತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳ ನಡುವೆ ಗಾಲಿಕುರ್ಚಿಯಲ್ಲಿ ಕೂತು ಗುಂಡು, ಚಕ್ರ, ಜಾವೆಲಿನ್ ಎಸೆದು ನೂರಾರು ಪದಕ ಗೆದ್ದರು. 2001ರಲ್ಲಿ ಪದ್ಮಶ್ರೀ ಬಂತು. ಅಯ್ಯೋ ಪಾಪ ಎಂಬ ಮಾತಿನಿಂದ ತಪ್ಪಿಸಿಕೊಳ್ಳುವುದು ಅವರಿಗೆ ಎಸೆತಕ್ಕಿಂತ ಕಷ್ಟವಾಗಿತ್ತು. ಚಿಕ್ಕಮಗಳೂರು ಜಿಲ್ಲೆಯ ದೃಷ್ಟಿಹೀನ ಓಟಗಾರ್ತಿ ರಕ್ಷಿತಾ ರಾಜು ಅಜ್ಜಿಯ ಆಸರೆಯಲ್ಲಿ ಬೆಳೆದವರು. 2018ರಲ್ಲಿ ಮತ್ತು 2023ರಲ್ಲಿ ನಡೆದ ಏಷ್ಯನ್ ಪ್ಯಾರಾ ಕೂಟಗಳಲ್ಲಿ 1500 ಮೀಟರ್ ಚಿನ್ನ ಗೆದ್ದು, 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್ ತಲುಪಿದರು. ಕೈಗೆ ಕಟ್ಟಿದ ಒಂದು ಗೇಣು ಹಗ್ಗದ ಇನ್ನೊಂದು ತುದಿಯಲ್ಲಿ ಮಾರ್ಗದರ್ಶಿ ಓಟಗಾರ ಇರುತ್ತಾನೆ. ವೇಗ ಮಾತ್ರ ರಕ್ಷಿತಾ ಅವರದು, ಅವನು ಹೊಂದಿಕೊಳ್ಳಬೇಕು.

ಹಣ ಮತ್ತು ಆಡಳಿತ

ಮಹಿಳಾ ಕ್ರಿಕೆಟ್ ಬಿಸಿಸಿಐ ತೆಕ್ಕೆಗೆ ಬಂದದ್ದು 2006ರಲ್ಲಿ. 2022ರ ಅಕ್ಟೋಬರ್‌ನಲ್ಲಿ ಪಂದ್ಯ ಶುಲ್ಕವನ್ನು ಪುರುಷರಿಗೆ ಸಮ ಮಾಡಲಾಯಿತು: ಟೆಸ್ಟ್‌ಗೆ 15 ಲಕ್ಷ, ಏಕದಿನಕ್ಕೆ 6 ಲಕ್ಷ, ಟಿ20ಗೆ 3 ಲಕ್ಷ ರೂಪಾಯಿ. ವಾರ್ಷಿಕ ಗುತ್ತಿಗೆಯಲ್ಲಿ ಅಂತರ ಉಳಿಯಿತು. 2023ರಲ್ಲಿ ಮಹಿಳಾ ಪ್ರೀಮಿಯರ್ ಲೀಗ್ ಶುರುವಾಗಿ, 2024ರಲ್ಲಿ ಬೆಂಗಳೂರು ತಂಡ ಕಪ್ ಎತ್ತಿತು. ಅತಿ ಹೆಚ್ಚು, 13 ವಿಕೆಟ್ ಪಡೆದವರು ಅದೇ ತಂಡದ ಶ್ರೇಯಾಂಕಾ ಪಾಟೀಲ. 2025ರ ನವೆಂಬರ್ 2ರಂದು ಭಾರತದ ಮಹಿಳೆಯರು ಮೊದಲ ಬಾರಿ ಏಕದಿನ ವಿಶ್ವಕಪ್ ಗೆದ್ದರು. ಉಳಿದ ಆಟಗಳಲ್ಲಿ ದುಡ್ಡಿನ ಹರಿವು ಇನ್ನೂ ತೆಳು.

ಅಧಿಕಾರದ ಕುರ್ಚಿಗಳು ತಡವಾಗಿ ತೆರೆದವು. ಶಾಂತಾ ರಂಗಸ್ವಾಮಿ 2019ರಲ್ಲಿ ಬಿಸಿಸಿಐನ ಉನ್ನತ ಮಂಡಳಿ ಸೇರಿದರು, 2022ರಲ್ಲಿ ಪಿ.ಟಿ. ಉಷಾ ಭಾರತೀಯ ಒಲಿಂಪಿಕ್ ಸಂಸ್ಥೆಯ ಅಧ್ಯಕ್ಷೆಯಾದರು. ಮರುವರ್ಷವೇ ದೇಶದ ಹೆಸರಾಂತ ಮಹಿಳಾ ಕುಸ್ತಿಪಟುಗಳು ಲೈಂಗಿಕ ಕಿರುಕುಳದ ದೂರು ಹೊತ್ತು ದೆಹಲಿಯ ಬೀದಿಯಲ್ಲಿ ಕೂರಬೇಕಾಯಿತು. ಪೋಷಕರು ಮಗಳನ್ನು ಶಿಬಿರಕ್ಕೆ ಕಳುಹಿಸಲು ಹಿಂಜರಿಯುವುದಕ್ಕೆ ಹಳೆಯ ಸಂಪ್ರದಾಯವೊಂದೇ ಕಾರಣವಲ್ಲವೆಂದು ಆ ಬೀದಿ ತೋರಿಸಿತು. 2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯಿದೆ ಕ್ರೀಡಾ ಸಂಸ್ಥೆಗಳ ಕಾರ್ಯಕಾರಿ ಸಮಿತಿಯಲ್ಲಿ ಮಹಿಳೆಯರ ಕನಿಷ್ಠ ಪ್ರಾತಿನಿಧ್ಯವನ್ನು ಕಡ್ಡಾಯ ಮಾಡಿದೆ.

ಮತ್ತೆ ಸಡಾ

ಗೋವಾದ ಹೆಣ್ಣುಮಕ್ಕಳು 1970ರ ದಶಕದಲ್ಲೇ ಫುಟ್‌ಬಾಲ್ ಬೂಟು ಕಟ್ಟಿದವರು. 1980ರಲ್ಲಿ ಕಲ್ಲಿಕೋಟೆಯಲ್ಲಿ ನಡೆದ ಏಷ್ಯನ್ ಮಹಿಳಾ ಚಾಂಪಿಯನ್‌ಷಿಪ್‌ನಲ್ಲಿ ಭಾರತ ಎರಡನೆಯ ಸ್ಥಾನ ಪಡೆದಾಗ ಗೋವಾದ ಯೋಲಾಂಡಾ ಡಿಸೋಜಾ ತಂಡದಲ್ಲಿದ್ದರು. ಹೊರಗಿನಿಂದ ಬಂದು ಗೋವಾವನ್ನು ತಮ್ಮದಾಗಿಸಿಕೊಂಡವರಿಗೆ ಶಿಖಾ ಪಾಂಡೆ ಉದಾಹರಣೆ. ತೆಲಂಗಾಣದಲ್ಲಿ ಹುಟ್ಟಿ, ಗೋವಾದಲ್ಲಿ ಎಂಜಿನಿಯರಿಂಗ್ ಓದಿ, ಗೋವಾ ತಂಡದ ವೇಗದ ಬೌಲರ್ ಆಗಿ, ವಾಯುಪಡೆಯ ಅಧಿಕಾರಿಯಾಗಿ, 2014ರಲ್ಲಿ ಭಾರತ ತಂಡ ಸೇರಿದರು. 2023ರ ಅಕ್ಟೋಬರ್-ನವೆಂಬರ್‌ನಲ್ಲಿ 37ನೆಯ ರಾಷ್ಟ್ರೀಯ ಕ್ರೀಡಾಕೂಟ ಗೋವಾದಲ್ಲಿ ನಡೆದಾಗ ವಾಸ್ಕೊ ಕೂಡ ಅದರ ತಾಣಗಳಲ್ಲಿ ಒಂದಾಗಿತ್ತು.

ಸಡಾ, ಬೈನಾಗಳ ಕೂಲಿ ಕುಟುಂಬದ ಹುಡುಗಿಗೂ ಈ ಅಂಗಳಗಳಿಗೂ ನಡುವೆ ಇರುವ ದೂರವನ್ನು ಕಿಲೋಮೀಟರ್‌ನಲ್ಲಿ ಅಳೆದರೆ ಏನೂ ತಿಳಿಯದು. ರಾಜ್ಯ ತಂಡದ ಆಯ್ಕೆಗೆ ಜನನ ಪ್ರಮಾಣಪತ್ರ, ವಾಸದ ದಾಖಲೆ ಬೇಕು. ಹಂಗಾಮಿಗೊಮ್ಮೆ ಊರಿಗೂ ಬಂದರಿಗೂ ಓಡಾಡುವ ಮನೆಗಳಲ್ಲಿ ಅವು ಒಂದೋ ಊರಿನ ಪೆಟ್ಟಿಗೆಯಲ್ಲಿರುತ್ತವೆ, ಇಲ್ಲವೇ ಇರುವುದಿಲ್ಲ. ಅವ್ವ ಕೆಲಸಕ್ಕೆ ಹೋದರೆ ತಮ್ಮನನ್ನು ನೋಡಿಕೊಳ್ಳುವವಳು ಅಕ್ಕ. ಎದೆ ತುಂಬುವ ವಯಸ್ಸಿಗೆ ಓಡಲು ತಕ್ಕ ಒಳಉಡುಪು ಬೇಕು. ಅದರ ಬೆಲೆ ಒಂದು ದಿನದ ಕೂಲಿಯನ್ನು ಮೀರಬಹುದು, ಕೇಳುವುದಕ್ಕೆ ನಾಚಿಕೆ ಬೇರೆ. ಅವಳ ಅಪ್ಪನ ಊರಾದ ವಿಜಯಪುರ, ಬಾಗಲಕೋಟೆ ಸೀಮೆಯಲ್ಲಿ ಕ್ರೀಡಾ ವಸತಿನಿಲಯ ಸೇರಿದ ಹುಡುಗಿಯರು ಬಿಗಿ ಚಡ್ಡಿ ತೊಟ್ಟು ಹೆದ್ದಾರಿಯಲ್ಲಿ ಸೈಕಲ್ ತುಳಿದು ರಾಷ್ಟ್ರೀಯ ಪದಕಗಳನ್ನು ತರುತ್ತಿದ್ದಾರೆ. ಅದೇ ಬೀಗರ ಮನೆತನದ, ಅದೇ ಭಾಷೆಯ ಹುಡುಗಿಯರು ಅವರು. ವ್ಯತ್ಯಾಸವೆಂದರೆ ಅಲ್ಲಿ ವಸತಿನಿಲಯದ ಊಟವಿದೆ, ಸೈಕಲ್ಲಿದೆ, ಬೆಳಿಗ್ಗೆ ಐದಕ್ಕೆ ಎಬ್ಬಿಸುವ ಕೋಚ್ ಇದ್ದಾರೆ. ಇಲ್ಲಿ ಶಾಲೆ ಬಿಟ್ಟು ಹುಡುಗರು ಚೆಂಡು ಹಿಡಿದು ಬಯಲಿಗೆ ಹೊರಡುವ ಹೊತ್ತೂ, ಕೊಡ ಹಿಡಿದು ನಲ್ಲಿಯ ಮುಂದೆ ಸಾಲು ನಿಲ್ಲುವ ಹೊತ್ತೂ ಒಂದೇ.